ವೇದಿಕೆಯನ್ನೇರುವ ಮಕ್ಕಳು

ಕಳೆದ ವಾರ ಸೋಮವಾರ ಸಂಜೆ ನೆರೆಮನೆಯ ಗೃಹಿಣಿಯೊಬ್ಬರು ತಮ್ಮ ಮಗಳ ಕೈಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ಆ ಬಾಲಿಕೆಯು ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವುದಕ್ಕೆ ಆಯ್ಕೆಯಾಗಿದ್ದಳು. “ಮೇಷ್ಟ್ರೇ, ಮನೆಯಲ್ಲಿ ಗಿಳಿಯ ಹಾಗೆ ಒಪ್ಪಿಸುತ್ತಾಳೆ. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬಾಯೇ ಬಿಡುವುದಿಲ್ಲ. ಇನ್ನು ಹನ್ನೆರಡೇ ದಿನ. ಏನು ಮಾಡಲಿ?” ಎಂದು ತಾಯಿಯು ಕೇಳಿದರು. ಮಗುವು ನಮ್ಮ ಮುಖವನ್ನು ನೋಡದೆ ಬಾಗಿಲಿನ ಚಿಲಕವನ್ನೇ ನೋಡುತ್ತ ನಿಂತಿತ್ತು.

ಆ ತಾಯಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಈ ಸಲ ವಾಚಕರ ಮುಂದಿಡುತ್ತಿದ್ದೇವೆ. ಪ್ರತಿಭಾ ಕಾರಂಜಿಯು ಶಾಲೆಯಿಂದ ಮೊದಲಾಗಿ ರಾಜ್ಯದ ಮಟ್ಟದವರೆಗೆ ಮೆಟ್ಟಲು ಮೆಟ್ಟಲಾಗಿ ಏರುವ ಸ್ಪರ್ಧೆಯೆಂಬುದು ಮಕ್ಕಳುಳ್ಳ ಗೃಹಸ್ಥರಿಗೆ ತಿಳಿದೇ ಇದೆ. ಕಂಠಪಾಠ, ಭಾವಗೀತೆ, ಛದ್ಮವೇಷ, ಅಭಿನಯಗೀತೆ, ಆಶುಭಾಷಣ ಎಂದು ಅದರ ಶಾಖೆಗಳು ಅನೇಕ. ನಾವು ಸೇವೆಯಲ್ಲಿದ್ದಾಗ ಎಷ್ಟೋ ಮಕ್ಕಳನ್ನು ಅದಕ್ಕೆ ಸಿದ್ಧಪಡಿಸಿದ್ದೇವೆ. ತೀರ್ಪುಗಾರರ ಕುರ್ಚಿಯಲ್ಲಿಯೂ ಕುಳಿತಿದ್ದೇವೆ. ಆದರೆ ಈ ವಿಷಯದಲ್ಲಿ ನಮಗೆ ಪಾಠ ಕಲಿಸಿದುದು ಗೆದ್ದ ಮಕ್ಕಳಲ್ಲ.

2009ರಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳನ್ನು ಸಂಸ್ಕೃತ ಪಠಣಕ್ಕಾಗಿ ನಾವು ತಯಾರು ಮಾಡಿದೆವು. ಭಗವದ್ಗೀತೆಯ ಹದಿನೈದನೆಯ ಅಧ್ಯಾಯ, ಇಪ್ಪತ್ತು ಶ್ಲೋಕ. ಉಚ್ಚಾರಣೆಯು ಸ್ಫಟಿಕದಂತಿತ್ತು. ಮಹಾಪ್ರಾಣಗಳಾಗಲಿ ವಿಸರ್ಗಗಳಾಗಲಿ ಅವಳ ನಾಲಗೆಯಲ್ಲಿ ಎಂದೂ ಸೋತವಲ್ಲ. ಎಲ್ಲಿಯಾದರೂ ತಪ್ಪಿದರೆ “ಮೊದಲಿನಿಂದ ಹೇಳು” ಎನ್ನುವುದು ನಮ್ಮ ಪದ್ಧತಿ. ನಮ್ಮ ಗುರುಗಳು ನಮಗೆ ಹಾಗೆಯೇ ಮಾಡಿದ್ದರು. ನಾವೂ ಹಾಗೆಯೇ ಮಾಡಿದೆವು. ತಾಲ್ಲೂಕಿನ ಸ್ಪರ್ಧೆಯ ದಿನ ಹದಿನಾಲ್ಕು ಶ್ಲೋಕಗಳು ಹೊಳೆಯ ನೀರಿನಂತೆ ಹರಿದವು. ಹದಿನೈದನೆಯದನ್ನು ತೊಡಗುವಾಗ ಧ್ವನಿವರ್ಧಕವು ಕಿವಿಗಡಚಿಕ್ಕುವಂತೆ ಕಿರುಚಿತು. ಹುಡುಗಿಯು ನಿಂತಳು. ಮುಂದಿನ ಸಾಲಿನಲ್ಲಿದ್ದ ನಮ್ಮನ್ನು ನೋಡಿದಳು. ನಾವು ತುಟಿಯಾಡಿಸಿದೆವು. ಅದು ಅವಳಿಗೆ ತಿಳಿಯಲಿಲ್ಲ. ಕಲಿತ ಅಭ್ಯಾಸದಂತೆ ಮೊದಲನೆಯ ಶ್ಲೋಕಕ್ಕೆ ಹಿಂದಿರುಗಿದಳು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು.

ಆ ಶ್ಲೋಕದಲ್ಲಿ ಹೇಳಿರುವುದು ಸ್ಮೃತಿಯ ವಿಷಯವೇ. ಸ್ಮೃತಿಯೂ ಜ್ಞಾನವೂ ಅವುಗಳ ಅಪಗಮವೂ ಭಗವಂತನಿಂದಲೇ ಎಂದು ಅದರ ಭಾವ. ಆದರೆ ಅಂದಿನ ಮರೆವಿನ ಹೊಣೆಯನ್ನು ಭಗವಂತನ ಮೇಲೆ ಹೊರಿಸುವ ಧೈರ್ಯ ನಮಗಿಲ್ಲ. ಆರನೆಯದರಿಂದ ಹದಿನಾಲ್ಕನೆಯದರವರೆಗಿನ ಶ್ಲೋಕಗಳು ಪಾದಕ್ಕೆ ಎಂಟಕ್ಷರದವು. ಹದಿನೈದನೆಯದು ಥಟ್ಟನೆ ಹನ್ನೊಂದಕ್ಷರಕ್ಕೆ ಏರುತ್ತದೆ. ನಡೆ ಬದಲಾಗುವ ಆ ತಿರುವಿನಲ್ಲಿ ಎಡವುವುದು ಸಹಜ. ಅದನ್ನು ಮೊದಲೇ ಕಂಡುಕೊಳ್ಳಬೇಕಾದವರು ಮೇಷ್ಟರಾದ ನಾವು. ಮೇಲಾಗಿ, ತಪ್ಪಿದಾಗಲೆಲ್ಲ ಮೊದಲಿಗೆ ಓಡಿಸಿದುದರಿಂದ ಆದಿಯ ಶ್ಲೋಕಗಳನ್ನು ಅವಳು ನೂರಾರು ಸಲ ಹೇಳಿದ್ದಳು. ಕೊನೆಯ ಐದನ್ನು ಅದರ ಕಾಲುಭಾಗವೂ ಹೇಳಿರಲಾರಳು. ಗಟ್ಟಿಯಾಗಿದ್ದುದನ್ನೇ ಮತ್ತೆ ಮತ್ತೆ ಗಟ್ಟಿಮಾಡಿದ್ದೆವು.

ಇದಕ್ಕಿಂತಲೂ ನಮ್ಮನ್ನು ಇಂದಿಗೂ ಚುಚ್ಚುವುದು ಬೇರೊಂದು. ಹಿಂದಿರುಗುವಾಗ ಬಸ್ಸಿನಲ್ಲಿ ನಾವು, “ಹದಿನೈದನೆಯದರಲ್ಲಿ ನಿನಗೆ ಯಾವಾಗಲೂ ತೊಡಕೇ” ಎಂದೆವು. ಹುಡುಗಿಯು ಕಿಟಕಿಯ ಕಡೆಗೆ ತಿರುಗಿಕೊಂಡಳು. ಆಮೇಲೆ ಹತ್ತನೆಯ ತರಗತಿ ಮುಗಿಸುವವರೆಗೂ ಅವಳು ವೇದಿಕೆಯನ್ನೇರಲಿಲ್ಲ. ಬೀಳ್ಕೊಡುಗೆಯ ಸಭೆಯಲ್ಲಿ ಪ್ರಾರ್ಥನೆ ಹೇಳಮ್ಮಾ ಎಂದು ನಾವೇ ಕೇಳಿದಾಗ, “ಬೇಡ ಸಾರ್” ಎಂದು ಮೆಲ್ಲನೆ ಹೇಳಿ ಹಿಂದಿನ ಬೆಂಚಿಗೆ ಹೋದಳು.

ನಾವು ಸಂಸ್ಕೃತ ಓದಿದವರು. ಪರಿಹಾರವು ನಮ್ಮ ಕೈಯಲ್ಲಿಯೇ ಇದ್ದಿತು. ವೇದಪಾಠಿಗಳು ಮಂತ್ರವನ್ನು ಸಂಹಿತಾಪಾಠದಂತೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ ಕೈತೊಳೆದುಕೊಂಡವರಲ್ಲ. ಕ್ರಮಪಾಠದಲ್ಲಿ ಮೊದಲನೆಯ ಪದವನ್ನು ಎರಡನೆಯದಕ್ಕೂ, ಎರಡನೆಯದನ್ನು ಮೂರನೆಯದಕ್ಕೂ ಜೋಡಿಸಿ ಹೇಳುತ್ತಾರೆ. ಘನಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಮುಂದಕ್ಕೂ ಹಿಂದಕ್ಕೂ ನೇಯುತ್ತಾರೆ. ಪ್ರತಿಯೊಂದು ಪದಕ್ಕೂ ಎರಡು ಕಡೆಯಿಂದ ಕೈಗಂಬ ಕಟ್ಟಿದಂತೆ. ಎಲ್ಲಿ ಕಾಲುಜಾರಿದರೂ ಹಿಡಿದುಕೊಳ್ಳುವುದಕ್ಕೆ ಪಕ್ಕದಲ್ಲಿಯೇ ಏನಾದರೂ ಸಿಕ್ಕುತ್ತದೆ.

ಮನೆಯ ಮಕ್ಕಳಿಗೆ ಅಷ್ಟು ಬೇಕಿಲ್ಲ. ಕಂಠಪಾಠವಾದರೆ ಒಂದು ಪದ್ಯದ ಕೊನೆಯ ಸಾಲನ್ನೂ ಮುಂದಿನ ಪದ್ಯದ ಮೊದಲ ಸಾಲನ್ನೂ ಕೂಡಿಸಿ, ಆ ಬೆಸುಗೆಗಳನ್ನು ಮಾತ್ರ ದಿನಕ್ಕೆ ಹತ್ತು ಸಲ ಹೇಳಿಸತಕ್ಕದ್ದು. ಒಂದು ದಿನ ಕೊನೆಯ ಪದ್ಯದಿಂದ ಆರಂಭಿಸಿ ಹಿಂದಕ್ಕೆ ಬರತಕ್ಕದ್ದು. ಅಡುಗೆಮಾಡುತ್ತಿರುವಾಗ ತಾಯಿಯು ಇದ್ದಕ್ಕಿದ್ದಂತೆ “ಏಳನೆಯದು!” ಎಂದರೆ ಮಗುವು ಏಳನೆಯದರಿಂದ ತೊಡಗಬೇಕು. ತಪ್ಪಿದರೆ ಮೊದಲಿಗೆ ಹೋಗಕೂಡದು. ಬಿಟ್ಟು ಮುಂದಿನದನ್ನು ಹಿಡಿಯಬೇಕು. ಕುಣಿತವಾದರೆ ಹಾಡನ್ನು ನಡುವೆ ನಿಲ್ಲಿಸಿಬಿಡಿ. ಹಾಡಿಲ್ಲದೆಯೇ ಹೆಜ್ಜೆಯು ಮುಂದುವರಿಯಲಿ. ಮೊಬೈಲಿನಲ್ಲಿ ತುಂಬಿಕೊಂಡು ಹೋದ ಹಾಡು ವೇದಿಕೆಯ ಮೇಲೆ ಕೈಕೊಟ್ಟುದನ್ನು ನಾವು ಎಷ್ಟು ಸಲ ನೋಡಿದ್ದೇವೆಂದು ಎಣಿಸುವುದನ್ನೇ ಬಿಟ್ಟಿದ್ದೇವೆ.

ನೆರೆಮನೆಯ ಬಾಲಿಕೆಯದು ಪಂಚತಂತ್ರದ ಕಪಿ ಮತ್ತು ಮೊಸಳೆಯ ಕಥೆ. ಯಾರೋ ಬರೆದುಕೊಟ್ಟ ವಾಕ್ಯಗಳನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದಳು. ಅದನ್ನು ಮಡಿಸಿಡಿಸಿದೆವು. ಈ ಕಥೆಗೆ ನಾಲ್ಕೇ ನಿಲ್ದಾಣ: ನೇರಳೆಯ ಮರ, ಮೊಸಳೆಯ ಮನೆ, ನಡುನೀರು, ಮತ್ತೆ ನೇರಳೆಯ ಮರ. ನಮ್ಮ ಪಡಸಾಲೆಯ ನಾಲ್ಕು ಕಂಬಗಳಿಗೆ ಆ ನಾಲ್ಕು ಹೆಸರುಗಳನ್ನಿಟ್ಟು, “ಯಾವ ಕಂಬದ ಹತ್ತಿರ ನಿಂತಿದ್ದೀಯೋ ಅಲ್ಲಿಯ ಕಥೆಯನ್ನು ನಿನ್ನ ಮಾತಿನಲ್ಲಿಯೇ ಹೇಳು, ಪುಟ್ಟೀ” ಎಂದೆವು. ಮೊದಲು ನಾಚಿಕೊಂಡಳು. ಮೂರನೆಯ ಕಂಬಕ್ಕೆ ಬಂದಾಗ ನಡುನೀರಿನಲ್ಲಿ ಕಪಿಯು ಹೆದರಿದ ಬಗೆಯನ್ನು, ಯಾರೂ ಕಲಿಸದಿದ್ದರೂ, ಕಣ್ಣರಳಿಸಿ ತೋರಿಸಿದಳು.

ಇನ್ನು ಜನರ ಮುಂದೆ ಬಾಯಿ ಬಾರದಿರುವ ವಿಷಯ. ಇದಕ್ಕೆ ಯಕ್ಷಗಾನದವರು ಒಳ್ಳೆಯ ಉಪಾಯವನ್ನು ಬಲ್ಲರು. ಆಟದ ಆರಂಭದಲ್ಲಿ, ಪ್ರಸಂಗವು ತೊಡಗುವುದಕ್ಕೆ ಮೊದಲು, ಕೋಡಂಗಿ, ಬಾಲಗೋಪಾಲ ಮುಂತಾದ ವೇಷಗಳು ರಂಗಕ್ಕೆ ಬರುತ್ತವೆ. ಅವು ಸಾಮಾನ್ಯವಾಗಿ ಕಲಿಯುವ ಹುಡುಗರ ಪಾಲಿನವು. ಪ್ರೇಕ್ಷಕರು ಇನ್ನೂ ಒಬ್ಬೊಬ್ಬರಾಗಿ ಬಂದು ಕುಳಿತುಕೊಳ್ಳುತ್ತಿರುವ ಹೊತ್ತು ಅದು. ಹೆಜ್ಜೆ ತಪ್ಪಿದರೆ ಗಮನಿಸುವವರು ಕಡಿಮೆ. ಆದರೆ ದೀಪವೂ ಚೆಂಡೆಯೂ ಕಾಲಕೆಳಗಿನ ರಂಗಸ್ಥಳವೂ ನಿಜವಾದವೇ. ಹೀಗೆ ಭಯವನ್ನು ತುತ್ತು ತುತ್ತಾಗಿ ಉಣ್ಣಿಸುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ವಿರುದ್ಧ: ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಕಲಿಸಿ, ಒಂದೇ ದಿನ ಇನ್ನೂರು ಜನರ ಮುಂದೆ ನೂಕಿಬಿಡುತ್ತೇವೆ. ಮೊದಲು ಅಜ್ಜಿಯ ಮುಂದೆ, ಮರುದಿನ ಅಜ್ಜಿಯೂ ಇಬ್ಬರು ನೆರೆಯವರೂ, ಆಮೇಲೆ ದೇವಸ್ಥಾನದ ಜಗಲಿಯಲ್ಲಿ ಯಾರಿದ್ದರೆ ಅವರು. ಹೀಗೆ ಏರಿಸಿಕೊಂಡು ಹೋಗಬೇಕು. ಕೇಳುವವರು ಗಮನವಿಟ್ಟು ಕೇಳಲೇಬೇಕೆಂದಿಲ್ಲ. ಆಕಳಿಸಿದರೂ ಒಳ್ಳೆಯದೇ, ಸಭೆಯಲ್ಲಿಯೂ ಆಕಳಿಸುವವರಿರುತ್ತಾರಷ್ಟೆ.

ಧ್ವನಿವರ್ಧಕದ ಪರಿಚಯವನ್ನು ಮನೆಯಲ್ಲಿಯೇ ಮಾಡಿಸಬಹುದು. ಲಟ್ಟಣಿಗೆಯನ್ನು ಕೈಗೆ ಕೊಟ್ಟು ಬಾಯಿಂದ ಒಂದು ಮುಷ್ಟಿಯಷ್ಟು ದೂರದಲ್ಲಿ ಹಿಡಿಯುವುದನ್ನು ಅಭ್ಯಾಸಮಾಡಿಸಿ, ಕುತ್ತಿಗೆ ಚಾಚಕೂಡದು. ಕೋಲಿಗೆ ಸಿಕ್ಕಿಸಿದ ಮೈಕು ದೊಡ್ಡವರ ಎತ್ತರಕ್ಕಿದ್ದರೆ, ತಗ್ಗಿಸಿಕೊಡಿರೆಂದು ಕೇಳಿ ಆಮೇಲೆ ಆರಂಭಿಸುವುದನ್ನು ಮಗುವಿಗೆ ಕಲಿಸಬೇಕು. ಲೌಡ್‌ಸ್ಪೀಕರಿನಿಂದ ಹೊರಟ ಧ್ವನಿಯು ಮರಳಿ ಮೈಕನ್ನು ಹೊಕ್ಕಾಗ ಆ ಕಿರುಚುವಿಕೆಯು ಹುಟ್ಟುವುದೆಂದೂ, ಅದು ಮಗುವಿನ ತಪ್ಪಲ್ಲವೆಂದೂ ಮೊದಲೇ ತಿಳಿಸಿದ್ದರೆ ನಮ್ಮ ಆ ಹುಡುಗಿಯು ಅಷ್ಟು ಬೆದರುತ್ತಿರಲಿಲ್ಲವೇನೋ.

ಭರತಮುನಿಯು ಈ ಬಗೆಯ ಅನರ್ಥಗಳನ್ನು ಚೆನ್ನಾಗಿ ಬಲ್ಲವನು. ನಾಟ್ಯಶಾಸ್ತ್ರದಲ್ಲಿ ಸಿದ್ಧಿಗಳನ್ನು ಹೇಳುವ ಅಧ್ಯಾಯದಲ್ಲಿಯೇ ಪ್ರಯೋಗಕ್ಕೆ ಒದಗುವ ಘಾತಗಳನ್ನೂ ಎಣಿಸಿದ್ದಾನೆ: ಗಾಳಿ, ಬೆಂಕಿ, ಮಳೆ, ಆನೆ, ಹಾವು, ಇರುವೆ ಕೂಡ. ನಟನ ಕಡೆಯಿಂದಾಗುವ ದೋಷಗಳಲ್ಲಿ ಮಾತು ಮರೆಯುವುದೂ ಕಿರೀಟ ಬೀಳುವುದೂ ಸೇರಿವೆ. ಛದ್ಮವೇಷಕ್ಕೆ ಮಕ್ಕಳನ್ನು ಕಳುಹಿಸುವ ತಾಯಂದಿರು ಆ ಕಿರೀಟವನ್ನು ನೆನಪಿಡಬೇಕು. ಒನಕೆ ಓಬವ್ವನಾಗಲಿ ಕಿತ್ತೂರ ಚೆನ್ನಮ್ಮನಾಗಲಿ, ವೇಷವನ್ನು ಹಿಂದಿನ ದಿನವೇ ತೊಡಿಸಿ ಒಂದು ಗಂಟೆ ಮನೆಯಲ್ಲಿ ಓಡಾಡಿಸಿ. ಮೆಟ್ಟಲು ಹತ್ತಲಿ, ಕುಳಿತೇಳಲಿ, ನೀರು ಕುಡಿಯಲಿ, ಬಚ್ಚಲಿಗೂ ಹೋಗಿಬರಲಿ. ರಟ್ಟಿನ ಮರವಾಗಿ ನಿಂತ ಬಾಲಕನೊಬ್ಬನು ಮೂರು ಗಂಟೆ ಕಾದು, ತನ್ನ ಸರದಿ ಬಂದಾಗ ಕೊಂಬೆಗಳೊಡನೆ ನಿದ್ದೆಹೋಗಿದ್ದುದನ್ನು ಕಂಡಿದ್ದೇವೆ. ಬಿಸಿಲಿನಲ್ಲಿ ಕಾಯಿಸಬೇಡಿ, ಹೊರಡುವ ಮುನ್ನ ಇಡ್ಲಿಯಂತಹ ಹಗುರವಾದ ತಿಂಡಿ ಸಾಕು.

ಕಾಲದ ಅಳತೆಯ ಬಗ್ಗೆ ಒಂದು ಮಾತು. ಹೆದರಿದ ಮಗುವು ಓಡುತ್ತದೆ. ನಾಲ್ಕು ನಿಮಿಷದ ಕಥೆಯು ಮೂರಕ್ಕೆ ಮುಗಿಯುತ್ತದೆ. ವೇದಿಕೆಗೆ ಬಂದು ನಮಸ್ಕರಿಸಿ, ಒಂದು ದೀರ್ಘವಾದ ಉಸಿರನ್ನು ನಿಧಾನವಾಗಿ ಬಿಟ್ಟು, ಆಮೇಲೆ ಮೊದಲ ವಾಕ್ಯ. ಇದನ್ನೂ ಅಭ್ಯಾಸದ ಭಾಗವೆಂದೇ ಎಣಿಸಿ.

ತಾಯಿತಂದೆಗಳು ಮುಂದಿನ ಸಾಲಿನಲ್ಲಿ ಕುಳಿತು ತುಟಿಯಾಡಿಸಬಾರದೆಂದು ನಾವು ಕಟ್ಟುನಿಟ್ಟಾಗಿ ಹೇಳುತ್ತೇವೆ. ನೋಡಿದ ಮಗುವಿನ ಮನಸ್ಸು ಕಥೆಯನ್ನು ಬಿಟ್ಟು ನಿಮ್ಮ ತುಟಿಯನ್ನು ಹಿಡಿಯುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು ಇತರರ ಮಕ್ಕಳಿಗೂ ಚಪ್ಪಾಳೆ ತಟ್ಟಿ. ತೀರ್ಪುಗಾರರು ಕೂಡ, ನಾವು ಬಲ್ಲಂತೆ, ಒಂದು ಸಾಲು ತಪ್ಪಿ ಸುಧಾರಿಸಿಕೊಂಡು ಮುಂದೆ ನಡೆದ ಮಗುವನ್ನು ಮನಸ್ಸಿನಲ್ಲಿಯೇ ಮೆಚ್ಚುವವರೇ ಹೆಚ್ಚು. ಹಿಂದಿರುಗುವಾಗ ಬಸ್ಸಿನಲ್ಲಿ ತಪ್ಪುಗಳ ಲೆಕ್ಕ ಬೇಡ. ಹಸಿವಾಯಿತೇ ಎಂದು ಕೇಳಿ.

ನೆರೆಮನೆಯ ಗೃಹಿಣಿಯು ನಿನ್ನೆ ಮತ್ತೆ ಬಂದಿದ್ದರು. ಬಾಲಿಕೆಯು ಈಗ ಸಿಕ್ಕಿದವರಿಗೆಲ್ಲ ಕಥೆ ಹೇಳತೊಡಗಿದ್ದಾಳಂತೆ. ಬೆಳಗ್ಗೆ ಹಾಲಿನವರಿಗೆ ಹೇಳುತ್ತಿದ್ದಾಗ, ಕಪಿಯು ಇನ್ನೂ ನಡುನೀರಿನಲ್ಲಿರುವಾಗಲೇ ಅವರು ಸೈಕಲ್ಲು ಹತ್ತಿ ಹೊರಟುಬಿಟ್ಟರಂತೆ. ಉಳಿದರ್ಧವನ್ನು ಎದುರುಮನೆಯ ಅಜ್ಜಿಗೆ ಹೇಳಿ ಮುಗಿಸಿದಳೆಂದು ತಾಯಿಯು ನಗುತ್ತ ತಿಳಿಸಿದರು. ಸ್ಪರ್ಧೆಯು ಬರುವ ಶನಿವಾರ. ನಾವೂ ಹೋಗುವವರಿದ್ದೇವೆ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇವೆ.