ಇಪ್ಪತ್ತನೆಯ ಪುಸ್ತಕ ಎಲ್ಲಿ ಹೋಯಿತು?



ಒಂದು ಸಣ್ಣ ಲೆಕ್ಕ ಹಾಕೋಣ. ಊರಿನ ಕಾಲೇಜು ಗ್ರಂಥಾಲಯಕ್ಕೆ ವಿದೇಶದಿಂದ ಪುಸ್ತಕ ತರಿಸಲು ಒಂದು ಲಕ್ಷ ರೂಪಾಯಿ ಮಂಜೂರಾಯಿತು ಅನ್ನಿ. ಒಂದೊಂದು ಪುಸ್ತಕಕ್ಕೆ 5,000 ರೂಪಾಯಿ. ವೈದ್ಯಕೀಯ, ಎಂಜಿನಿಯರಿಂಗ್ ಪುಸ್ತಕಗಳಿಗೆ ಇದೇನೂ ವಿಪರೀತ ಬೆಲೆಯಲ್ಲ. 20 ಪುಸ್ತಕ ಬರಬೇಕು. ಬರುವುದು 19! ಪ್ರತಿ ಪುಸ್ತಕಕ್ಕೂ 250 ರೂಪಾಯಿ ಸುಂಕ. ಕೊನೆಗೆ ಕೈಯಲ್ಲಿ ಉಳಿಯುವ 250 ರೂಪಾಯಿಗೆ ಇಪ್ಪತ್ತನೆಯ ಪುಸ್ತಕದ ರಟ್ಟೂ ಬರುವುದಿಲ್ಲ.

2019ರ ಜುಲೈ 5ರಂದು ಮಂಡನೆಯಾದ ಕೇಂದ್ರ ಬಜೆಟ್ ಆಮದು ಪುಸ್ತಕಗಳ ಮೇಲೆ ಶೇ 5ರಷ್ಟು ಸೀಮಾಸುಂಕ ಹೇರಿತು. ಅಲ್ಲಿಯವರೆಗೆ ಈ ಸುಂಕ ಇರಲಿಲ್ಲ. ಕೊಟ್ಟ ಕಾರಣ, ದೇಶದ ಪ್ರಕಾಶನ ಮತ್ತು ಮುದ್ರಣ ಉದ್ಯಮಕ್ಕೆ ಉತ್ತೇಜನ.

ಆಮದು ಈರುಳ್ಳಿಗೆ ಸುಂಕ ಹಾಕಿದರೆ ನಮ್ಮ ರೈತನ ಈರುಳ್ಳಿಗೆ ಬೆಲೆ ಬಂದೀತು. ಹೊರಗಿನದು ಇಲ್ಲದಿದ್ದರೆ ನಮ್ಮದು, ಸಾರು ಆಗುತ್ತದೆ. ಪುಸ್ತಕದ ಸಂಗತಿ ಹಾಗಲ್ಲ. ನರರೋಗದ ಒಂದು ಗ್ರಂಥ ಸಿಗಲಿಲ್ಲವೆಂದು ಯಾವ ವೈದ್ಯ ವಿದ್ಯಾರ್ಥಿಯೂ ಕನ್ನಡ ಕಾದಂಬರಿ ಕೊಂಡು ಸಮಾಧಾನಪಟ್ಟುಕೊಳ್ಳುವುದಿಲ್ಲ. ಕನ್ನಡದ ಪ್ರಕಾಶಕರಿಗೆ ಹೊರಗಿನ ಪುಸ್ತಕ ಪೈಪೋಟಿಯಲ್ಲ, ಬಿತ್ತನೆ ಬೀಜ. 1980ರ ದಶಕದ ಆರಂಭದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ 25 ಸಂಪುಟಗಳ ‘ವಿಶ್ವ ಕಥಾ ಕೋಶ’ ತಂದಿತು. ತೇಜಸ್ವಿ ಕೆನೆತ್ ಆಂಡರ್ಸನ್ನರ ಬೇಟೆಯ ಕತೆಗಳನ್ನು ನಮ್ಮ ಕಾಡಿನ ಮಾತಿಗೆ ತಂದರು. ಯಾರೋ ಮೂಲ ಪುಸ್ತಕ ಕೈಗೆತ್ತಿಕೊಂಡು ಓದಿದ್ದರಿಂದಲೇ ಅನುವಾದಕರೂ ಹುಟ್ಟಿದರು, ಪ್ರಕಾಶಕರಿಗೂ ಕೆಲಸ ಸಿಕ್ಕಿತು, ಅಚ್ಚುಕೂಟದ ಯಂತ್ರವೂ ತಿರುಗಿತು.

ಇಲ್ಲಿನ ಪ್ರಕಾಶಕರನ್ನು ಕಾಪಾಡುವ ಮನಸ್ಸು ನಿಜವಾಗಿಯೂ ಇದ್ದರೆ ಕಾಗದದ ಬಿಲ್ಲು ನೋಡಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕಿವಿಗೆ ಹಿತವಾದ ಮಾತು. ಆದರೆ ಪುಸ್ತಕ ಅಚ್ಚಾಗುವ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 12ರಿಂದ ಶೇ 18ಕ್ಕೆ ಏರಿತು. 50,000 ರೂಪಾಯಿಯ ಕಾಗದಕ್ಕೆ 6,000 ಇದ್ದ ತೆರಿಗೆ ಈಗ 9,000. ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ಆ ದುಡ್ಡನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸು ಪಡೆಯಲೂ ಆಗದು. ಅದು ಪುಸ್ತಕದ ಬೆಲೆಗೆ ಸೇರುತ್ತದೆ, ಇಲ್ಲವೇ ಲೇಖಕರ ಗೌರವಧನದಿಂದ ಕಳೆಯುತ್ತದೆ. ಅದೇ ದಿನದಿಂದ ನೋಟ್‌ಬುಕ್ಕಿನ ಕಾಗದಕ್ಕೆ ತೆರಿಗೆ ಸೊನ್ನೆ. ಬರೆಯುವ ಹಾಳೆಗೆ ವಿನಾಯಿತಿ, ಓದುವ ಹಾಳೆಗೆ ಶೇ 18. ಇದು ಯಾವ ನ್ಯಾಯ?

ಈಗ ಮನೆಯ ಕಂದಾಯದ ರಸೀದಿ ತೆಗೆಯಿರಿ. ಆರೋಗ್ಯ ಕರದಂಥ ಕರಗಳ ಸಾಲಿನಲ್ಲೇ ‘ಗ್ರಂಥಾಲಯ ಕರ’ ಎಂದೊಂದು ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ರೂಪಾಯಿಗೆ ಆರು ಪೈಸೆ. 2,000 ರೂಪಾಯಿ ಕಂದಾಯ ಕಟ್ಟಿದವರು 120 ರೂಪಾಯಿಯನ್ನು ಪುಸ್ತಕಕ್ಕೆಂದೇ ಕೊಟ್ಟಿದ್ದಾರೆ. ಈ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಪುಸ್ತಕಕ್ಕೆಂದು ನಾವು ಕೊಟ್ಟ ಕಾಸು ದಾರಿಯಲ್ಲೇ ಉಳಿಯುತ್ತದೆ. ಕೈಯಲ್ಲಿ ಮಿಕ್ಕ ಕಾಸಿನಲ್ಲಿ ಪುಸ್ತಕ ಕೊಳ್ಳಹೋದರೆ ಸುಂಕವೆಂದು ಅದರಲ್ಲೂ ಪಾಲು ಕೇಳುತ್ತಾರೆ!

ನಮ್ಮ ಹಕ್ಕೊತ್ತಾಯ ಮೂರೇ:

1. ಆಮದು ಪುಸ್ತಕದ ಮೇಲಿನ ಶೇ 5 ಸುಂಕ ರದ್ದಾಗಲಿ. ಮೊದಲ ಹೆಜ್ಜೆಯಾಗಿ ಶಾಲೆ, ಕಾಲೇಜು, ಸಾರ್ವಜನಿಕ ಗ್ರಂಥಾಲಯಗಳಿಗೆ ಕೂಡಲೇ ವಿನಾಯಿತಿ ಸಿಗಲಿ.

2. ನೋಟ್‌ಬುಕ್ಕಿನ ಕಾಗದಕ್ಕೆ ಕೊಟ್ಟ ವಿನಾಯಿತಿ ಪುಸ್ತಕ ಮುದ್ರಣದ ಕಾಗದಕ್ಕೂ ಸಿಗಲಿ.

3. ವಸೂಲಾದ ಗ್ರಂಥಾಲಯ ಕರ ಪೂರ್ತಿಯಾಗಿ ಗ್ರಂಥಾಲಯದ ಖಾತೆಗೆ ಬರಲಿ. ಆ ಹಣದಲ್ಲಿ ಕನ್ನಡ ಪುಸ್ತಕಗಳ ಸಗಟು ಖರೀದಿ ವರ್ಷ ತಪ್ಪದೆ ನಡೆಯಲಿ, ಪ್ರಕಾಶಕರ ಬಿಲ್ಲು ಸಕಾಲಕ್ಕೆ ಪಾವತಿಯಾಗಲಿ.

ನೀವು ಮಾಡಬೇಕಾದದ್ದು:

• 50 ಪೈಸೆಯ ಅಂಚೆ ಕಾರ್ಡು ತೆಗೆದುಕೊಳ್ಳಿ. ‘ಪುಸ್ತಕದ ಸುಂಕ ತೆಗೆಸಿ’ ಎಂದು ನಿಮ್ಮ ಲೋಕಸಭಾ ಸದಸ್ಯರಿಗೆ ಬರೆಯಿರಿ. ಫೆಬ್ರುವರಿಯ ಬಜೆಟ್‌ಗೆ ಮುಂಚೆ ಅದು ತಲುಪಬೇಕು. ಕಾಗದದ ತೆರಿಗೆಯ ಬಗ್ಗೆ ರಾಜ್ಯ ಸರ್ಕಾರಕ್ಕೆ ಬರೆಯಿರಿ. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಕ್ಕೂ ದನಿಯಿದೆ.

• 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಪಂಚಾಯಿತಿ ಅಥವಾ ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎರಡೇ ಪ್ರಶ್ನೆ ಸಾಕು: ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು? ಗ್ರಂಥಾಲಯಕ್ಕೆ ಎಷ್ಟು ಕೊಟ್ಟಿರಿ?

• ಈ ವಾರವೇ ಊರಿನ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ನಿಮಗೆ ಬೇಕಾದ, ಅಲ್ಲಿ ಇಲ್ಲದ ಒಂದು ಪುಸ್ತಕದ ಹೆಸರನ್ನು ಬರೆದುಕೊಟ್ಟು ಬನ್ನಿ. ಕೇಳುವವರೇ ಇಲ್ಲದ ಕಡೆ ಕೊಡುವವರು ಎಲ್ಲಿಂದ ಬರುತ್ತಾರೆ?

ಬಾರದೇ ಹೋದ ಆ ಇಪ್ಪತ್ತನೆಯ ಪುಸ್ತಕದಿಂದ ಯಾವ ಹುಡುಗಿ ವೈದ್ಯೆಯಾಗಬಹುದಿತ್ತೋ, ಯಾವ ಹುಡುಗ ಅದನ್ನು ಕನ್ನಡಕ್ಕೆ ತರಬಹುದಿತ್ತೋ! ಖಾಲಿ ಉಳಿದ ಆ ಜಾಗವನ್ನು ತುಂಬಿಸಿಯೇ ತೀರೋಣ.

ಪುಸ್ತಕದ ಸುಂಕ ತೊಲಗಲಿ! ಗ್ರಂಥಾಲಯದ ಬಾಕಿ ಬರಲಿ!

ಇಂತಿ,
ನಿಮ್ಮೂರಿನ ಓದುಗರು

(ಓದಿದ ಮೇಲೆ ಎಸೆಯಬೇಡಿ, ಇನ್ನೊಬ್ಬರಿಗೆ ಕೊಡಿ.)