ಗುರುವನ್ನು ಮೀರಿದ ಶಿಷ್ಯ
ಕ್ಲೋದ್ ಜಿದಿಯವರು 1984ರಲ್ಲಿ ನಿರ್ದೇಶಿಸಿದ ‘ಲೇ ರಿಪೂ’ ಎಂಬ ಫ್ರೆಂಚ್ ಚಿತ್ರದ ಹೆಸರು ನಮ್ಮ ಕಿವಿಗೆ ಶತ್ರುವಾಚಕವಾಗಿ ಕೇಳಿಸಿದರೂ, ವಾಸ್ತವದಲ್ಲಿ ಅದು ಕೊಳೆತದ್ದೆಂಬ ಅರ್ಥದ ‘ಪೂರಿ’ ಎಂಬ ಮಾತನ್ನು ಅಲ್ಲಿಯ ಬೀದಿಯ ಜನ ಹಿಂದುಮುಂದಾಗಿಸಿ ಆಡುವ ರೂಪ. ಪ್ಯಾರಿಸ್ಸಿನ ಅಂಗಡಿಬೀದಿಗಳಲ್ಲಿ ವರ್ತಕರಿಂದ ಕೈ ಬೆಚ್ಚಗೆ ಮಾಡಿಸಿಕೊಂಡು, ಕಾಸು ಬಿಚ್ಚದೆ ಉಂಡು, ಗಳಿಸಿದುದನ್ನು ಕುದುರೆಯ ಜೂಜಿಗೆ ಸುರಿಯುವ ಹಳೆಯ ಪೊಲೀಸನಿಗೆ, ಅಂದರೆ ಫಿಲಿಪ್ ನುವಾರೆಗೆ, ಕಾಯಿದೆಯ ಪುಸ್ತಕವನ್ನೇ ವೇದವೆಂದು ನಂಬಿದ ತರುಣ ತಿಯೆರಿ ಲೆರ್ಮಿತ್ ಜೊತೆಗಾರನಾಗಿ ಬಂದಾಗ, ಕಿರಿಯನು ಹಿರಿಯನನ್ನು ಸನ್ಮಾರ್ಗಕ್ಕೆ ತರುವನೆಂದು ನಿರೀಕ್ಷಿಸಿದ ಪ್ರೇಕ್ಷಕನು ಕಾಣುವುದು ಶಿಷ್ಯನೇ ಗುರುವನ್ನು ಮೀರಿಸುವ ವೈಪರೀತ್ಯವನ್ನು. ಈ ನಗೆಯ ಹಿಂದಿನ ಕಹಿಯನ್ನು ಫ್ರಾನ್ಸ್ ಗುರುತಿಸಿತು: 1985ರಲ್ಲಿ ಶ್ರೇಷ್ಠ ಚಿತ್ರಕ್ಕೂ ನಿರ್ದೇಶನಕ್ಕೂ ಸೀಸರ್ ಪ್ರಶಸ್ತಿಗಳನ್ನಿತ್ತಿತು. ಕೊನೆಗೆ ಸೆರೆ ಸೇರಿ ಹೊರಬಂದ ಆ ಹಳೆಯ ಪೊಲೀಸನಿಗಾಗಿ ಕುದುರೆಯೊಂದು ಕಾದು ನಿಂತಿರುವ ಚಿತ್ರದ ಕಡೆಯ ದೃಶ್ಯದಲ್ಲಿ ಧರ್ಮ ಸೋತಿದೆ. ಸ್ನೇಹ ಮಾತ್ರ ತನ್ನ ಋಣವನ್ನು ತೀರಿಸಿದೆ.