ತೋರಿಸುವ ಫೋಟೊ, ಉಳಿಸುವ ಫೋಟೊ

ಮದುವೆ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸೋಣವೆಂದು ಸ್ಟುಡಿಯೊಗೆ ಹೋದರೆ ಈಗ ಮೊದಲು ಕಿವಿಗೆ ಬೀಳುವ ಮಾತು ಒಂದೇ: ‘ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದು ಬೇಡ ಸಾರ್, ಒರಿಜಿನಲ್ ಇದ್ರೆ ಕೊಡಿ. ಇಲ್ಲಾಂದ್ರೆ ಡಾಕ್ಯುಮೆಂಟ್ ಮಾಡಿ ಕಳ್ಸಕ್ಕೆ ಹೇಳಿ.’ ಫೋನಿನಲ್ಲಿ ಅಷ್ಟು ಚೆನ್ನಾಗಿ ಕಾಣುವ ಚಿತ್ರಕ್ಕೆ ಏನು ಬಂತು ಧಾಡಿ ಎಂದು ಗಿರಾಕಿಗೆ ತಿಳಿಯುವುದಿಲ್ಲ, ವಿವರಿಸಲು ಸ್ಟುಡಿಯೊದವರಿಗೆ ಪುರುಸೊತ್ತಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. 12 ಮೆಗಾಪಿಕ್ಸೆಲ್ ಫೋಟೊ ಎಂದರೆ ಅಗಲಕ್ಕೆ 4000, ಎತ್ತರಕ್ಕೆ 3000 ಚುಕ್ಕಿ, ಒಟ್ಟು 1.2 ಕೋಟಿ. ಮಾಮೂಲಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಅದರ ಉದ್ದನೆಯ ಬದಿ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. 1600ಕ್ಕೆ 1200 ಎಂದರೆ 19.2 ಲಕ್ಷ ಚುಕ್ಕಿ. ಮೂಲದ ಆರನೇ ಒಂದು ಪಾಲೂ ಉಳಿಯಲಿಲ್ಲ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಬೇಕೆಂದು ಹಿಡಿದರೆ, ಮೂಲ ಚಿತ್ರವನ್ನು 13 ಇಂಚು ಅಗಲ ಮಾಡಬಹುದು, ಗ್ರೂಪಿನಲ್ಲಿ ಬಂದದ್ದನ್ನು 5 ಇಂಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಚುಕ್ಕಿ ಕಡಿಮೆಯಾದದ್ದು ಅರ್ಧ ಕಥೆ. ಉಳಿದವನ್ನೂ ಇನ್ನಷ್ಟು ಹಿಂಡಲಾಗುತ್ತದೆ. ಜೆಪೆಗ್ ಎಂಬ ಪದ್ಧತಿ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಯ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ಒಂದು ಸಲ ಮಾಡಿದರೆ ಗೊತ್ತಾಗುವುದಿಲ್ಲ. ಅತ್ತಿಗೆಯ ಸ್ಟೇಟಸ್ಸಿನಿಂದ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಫೇಸ್‌ಬುಕ್ಕಿಗೆ ಹಾಕಿ, ಅಲ್ಲಿಂದ ಇನ್ನೊಬ್ಬರು ಇಳಿಸಿಕೊಂಡು ಮತ್ತೆ ಗ್ರೂಪಿಗೆ ಹಾಕಿದರೆ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಹೋಗುತ್ತದೆ. ಮೊದಲು ಹಾಳಾಗುವುದು ಧಾರೆ ಸೀರೆಯ ಜರಿ ಅಂಚು. ಆಮೇಲೆ ತಲೆಗೂದಲು. 2023ರಲ್ಲಿ ವಾಟ್ಸ್‌ಆ್ಯಪ್ ಎಚ್‌ಡಿ ಎಂಬ ಆಯ್ಕೆ ಕೊಟ್ಟಿತು. ಅದು ನಷ್ಟವನ್ನು ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಮೂಲ ಫೈಲು ಹೇಗಿತ್ತೋ ಹಾಗೇ ಹೋಗಬೇಕಾದರೆ ಸ್ಟುಡಿಯೊದವರು ಹೇಳಿದ ಡಾಕ್ಯುಮೆಂಟ್ ದಾರಿಯೇ ಸರಿ.

ಇದರಲ್ಲಿ ಮೋಸವೇನಿಲ್ಲ. ನೆಟ್‌ವರ್ಕ್ ಕುಂಟುವ ಊರಿನಲ್ಲೂ ಫೋಟೊ ಥಟ್ಟನೆ ತಲುಪಲಿ ಎಂದೇ ಹೀಗೆ ಮಾಡಿದ್ದು, ಆ ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ. ಎಡವಟ್ಟು ಆಗುವುದು ನಾವು ಕೊರಿಯರ್‌ನವನ ಚೀಲವನ್ನೇ ಬೀರು ಮಾಡಿಕೊಂಡಾಗ. ಫೋಟೊ ತೋರಿಸುವುದು ಒಂದು ಕೆಲಸ, ಉಳಿಸುವುದು ಬೇರೆಯೇ ಕೆಲಸ. ಆನ್‌ಲೈನ್ ಫೋಟೊ ಸೇವೆಗಳ ಬಗೆಗಿನ ನಮ್ಮ ಹೆಚ್ಚಿನ ಗೊಣಗಾಟ ಹುಟ್ಟುವುದು ಇವೆರಡನ್ನೂ ಒಬ್ಬರಿಗೇ ಒಪ್ಪಿಸಿ ಕೂತದ್ದರಿಂದ.

ಒಪ್ಪಿಸಿದವರಿಗೆ ಏನಾಯಿತು ಎಂಬುದಕ್ಕೆ ಇಪ್ಪತ್ತು ವರ್ಷಗಳ ಚರಿತ್ರೆಯೇ ಇದೆ. ಫ್ಲಿಕರ್ 2004ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಶುರುವಾಯಿತು, ಮರುವರ್ಷವೇ ಯಾಹೂ ಕೊಂಡಿತು. 2013ರಲ್ಲಿ ಎಲ್ಲರಿಗೂ ಒಂದು ಟೆರಾಬೈಟ್ ಜಾಗ ಬಿಟ್ಟಿ ಎಂದಾಗ ಫೋಟೊ ಹವ್ಯಾಸಿಗಳು ಹಾರ್ಡ್ ಡಿಸ್ಕನ್ನೇ ಅಲ್ಲಿಗೆ ಸುರಿದರು. 2018ರಲ್ಲಿ ಅದು ಸ್ಮಗ್‌ಮಗ್ ಕಂಪನಿಯ ಕೈಗೆ ಬಂತು. ಬಿಟ್ಟಿ ಖಾತೆಗೆ 1000 ಫೋಟೊ ಮಾತ್ರ, ಮಿಕ್ಕವನ್ನು ಹಳೆಯದರಿಂದ ಶುರುಮಾಡಿ ಅಳಿಸುತ್ತೇವೆ ಎಂದು ಅದೇ ವರ್ಷ ನವೆಂಬರಿನಲ್ಲಿ ಹೊಸ ಮಾಲೀಕರು ತಿಳಿಸಿದರು. ಅದಕ್ಕೂ ಒಂದು ವರ್ಷ ಮೊದಲು, 2017ರಲ್ಲಿ, ಫೋಟೊಬಕೆಟ್ ಇನ್ನೂ ಒರಟಾಗಿ ನಡೆದುಕೊಂಡಿತ್ತು. ತನ್ನಲ್ಲಿರುವ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಎಂದಿತು. ಎಲ್ಲೆಲ್ಲೋ ಯಾರೋ ಬರೆದಿಟ್ಟ ರಿಪೇರಿ ಪಾಠಗಳು, ಮಾರಾಟದ ಪುಟಗಳು ರಾತ್ರೋರಾತ್ರಿ ಚಿತ್ರವಿಲ್ಲದೆ ಬೋಳಾದವು.

ನಮ್ಮವರಿಗೆ ಹೆಚ್ಚು ಹತ್ತಿರದ್ದು ಗೂಗಲ್ ಫೋಟೋಸ್. 2015ರಲ್ಲಿ ಬಂದಾಗ, 16 ಮೆಗಾಪಿಕ್ಸೆಲ್‌ಗೆ ಇಳಿಸಿ ಹಿಂಡಿದ ಫೋಟೊಗಳನ್ನು ಎಷ್ಟು ಬೇಕಾದರೂ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತು, ಹೊಸದಾಗಿ ಹಾಕುವುದೆಲ್ಲ 15 ಜಿಬಿ ಲೆಕ್ಕಕ್ಕೆ ಸೇರತೊಡಗಿತು. ಹಳೆಯದನ್ನು ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದೆ ಉಳಿಸಿಕೊಂಡಿತು ಎನ್ನಬೇಕು. ಆದರೆ ಆ 15 ಜಿಬಿ ಜಿಮೇಲ್‌ಗೂ ಡ್ರೈವ್‌ಗೂ ಸೇರಿದ್ದು. ಒಂದು ಫೋಟೊ 4 ಎಂಬಿ ಎಂದರೂ ಮೂರೂಮುಕ್ಕಾಲು ಸಾವಿರಕ್ಕೆ ಭರ್ತಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವೂ ಈಗ ಇದೆ. ತೀರಿಕೊಂಡ ತಂದೆಯ ಖಾತೆಯಲ್ಲಿ ಹತ್ತು ವರ್ಷದ ಫೋಟೊಗಳಿರುವ ಮನೆಗಳು ಇದನ್ನು ತಿಳಿದಿರಬೇಕು. ನಮ್ಮ ನಂತರ ಖಾತೆಯ ವಿಷಯ ಯಾರಿಗೆ ಸಿಗಬೇಕೆಂದು ಮೊದಲೇ ನಮೂದಿಸುವ ಸೌಲಭ್ಯವನ್ನು ಗೂಗಲ್ 2013ರಿಂದಲೂ ಇಟ್ಟಿದೆ. ಬಳಸಿದವರನ್ನು ನಾನಂತೂ ಹೆಚ್ಚಾಗಿ ಕಂಡಿಲ್ಲ.

ಸರಿ, ಸ್ವಂತ ಗ್ಯಾಲರಿ ಕಟ್ಟಿಕೊಳ್ಳೋಣ ಎಂದರೆ? ಹೆಸರು ಕೇಳಿ ಹೆದರುವಂಥದ್ದಲ್ಲ. ಫೋಟೊಗಳ ಒಂದು ಫೋಲ್ಡರ್, ಅದರಿಂದ ವೆಬ್ ಪುಟ ತಯಾರಿಸುವ ಒಂದು ಪ್ರೋಗ್ರಾಂ, ಆ ಪುಟಗಳನ್ನಿಡಲು ಬಾಡಿಗೆ ಜಾಗ, ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಇಟ್ಟುಕೊಳ್ಳುವ ಒಂದು ವಿಳಾಸ. ಪ್ರೋಗ್ರಾಂ ಮಾಡುವುದಿಷ್ಟೆ: ಪ್ರತಿ ಫೋಟೊಕ್ಕೂ ಬೆರಳುಗುರಿನಷ್ಟು ಒಂದು ಪ್ರತಿ, ಪರದೆ ತುಂಬುವಷ್ಟು ಇನ್ನೊಂದು ಪ್ರತಿ ಮಾಡಿ, ಕ್ಯಾಮೆರಾ ಬರೆದಿಟ್ಟ ದಿನಾಂಕ ನೋಡಿ ಸಾಲಾಗಿ ಜೋಡಿಸುತ್ತದೆ. ಜಗತ್ತಿಗೆ ಕಾಣುವುದು ಈ ಪ್ರತಿಗಳು. ಮೂಲ ಫೈಲು ಮನೆಯಲ್ಲೇ ಇರುತ್ತದೆ. ನಾಳೆ ಬಾಡಿಗೆ ಜಾಗದವನು ಅಂಗಡಿ ಮುಚ್ಚಿದರೆ ಇನ್ನೊಂದು ಕಡೆ ಅದೇ ಪುಟಗಳನ್ನು ಏರಿಸಿ, ವಿಳಾಸವನ್ನು ಅತ್ತ ತಿರುಗಿಸಿದರಾಯಿತು. ನೆಂಟರಿಗೆ ಕೊಟ್ಟ ಲಿಂಕ್ ಹಾಗೇ ನಡೆಯುತ್ತದೆ. ಸ್ವಂತ ಗ್ಯಾಲರಿಯ ದೊಡ್ಡ ಲಾಭ ನನ್ನ ದೃಷ್ಟಿಯಲ್ಲಿ ಇದೇ. ಅಂದಚೆಂದ, ಬಣ್ಣ ಇವೆಲ್ಲ ಆಮೇಲೆ.

ಪಾಸ್‌ವರ್ಡ್, ಕಾಮೆಂಟ್, ಆಲ್ಬಂ ಎಲ್ಲ ಬೇಕೆನ್ನುವವರಿಗೆ 2002ರಿಂದ ನಡೆದುಬಂದಿರುವ ಪಿವಿಗೊದಂಥ ಉಚಿತ ತಂತ್ರಾಂಶಗಳಿವೆ. ಫೋನಿನ ಫೋಟೊ ತಾನಾಗಿಯೇ ಮನೆಯ ಕಂಪ್ಯೂಟರಿಗೆ ಹೋಗಲಿ ಎನ್ನುವವರು ಈಚೆಗೆ ಇಮ್ಮಿಚ್ ಹಾಕಿಕೊಳ್ಳುತ್ತಿದ್ದಾರೆ. ಇವು ಬರೀ ಪುಟಗಳಲ್ಲ, ಸದಾ ಓಡುತ್ತಿರುವ ಪ್ರೋಗ್ರಾಂಗಳು. ಕಾಲಕಾಲಕ್ಕೆ ಅಪ್‌ಡೇಟ್ ಮಾಡದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಮನೆಯಿಂದಲೇ ನಡೆಸುತ್ತೇನೆ ಎನ್ನುವವರಿಗೆ ನಮ್ಮಲ್ಲಿ ಎರಡು ತೊಡಕು. ಕರೆಂಟ್ ಒಂದು. ಇನ್ನೊಂದು, ಅನೇಕ ಇಂಟರ್‌ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿಸಿ ಒಂದೇ ಸಾರ್ವಜನಿಕ ಐಪಿ ವಿಳಾಸ ಕೊಡುವುದರಿಂದ ಹೊರಗಿನವರು ನಿಮ್ಮ ಮನೆಯ ಕಂಪ್ಯೂಟರನ್ನು ನೇರವಾಗಿ ತಲುಪಲಾರರು. ದಾರಿಗಳಿವೆ, ಆದರೆ ಭಾನುವಾರಗಳನ್ನು ತಿನ್ನುತ್ತವೆ. ತಂತ್ರಜ್ಞಾನದ ಹುಚ್ಚಿಲ್ಲದವರಿಗೆ ಬಾಡಿಗೆ ಜಾಗದಲ್ಲಿ ಸಾದಾ ಪುಟಗಳೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಒಂದು ವಿಷಯದಲ್ಲಿ ಮಾತ್ರ ದೊಡ್ಡ ಸೇವೆಗಳು ಗೊತ್ತಿಲ್ಲದೆಯೇ ನಮ್ಮನ್ನು ಕಾಯುತ್ತಿದ್ದವು. ಲೊಕೇಶನ್ ಆನ್ ಇದ್ದರೆ ಫೋನು ಪ್ರತಿ ಫೋಟೊದೊಳಗೂ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಬರೆದಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಅದು ಅಳಿದುಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಸ್ವಂತ ಗ್ಯಾಲರಿಗೆ ಹಾಕುವ ಪ್ರತಿಗಳಿಂದ ಅದನ್ನು ಅಳಿಸುವ ಹೊಣೆ ನಿಮ್ಮದೇ. ಮಗುವಿನ ಹುಟ್ಟುಹಬ್ಬದ ಚಿತ್ರದಲ್ಲಿ ಮನೆಯ ಬಾಗಿಲಿನವರೆಗೆ ದಾರಿ ತೋರಿಸುವ ಅಂಕಿಗಳಿರಬಾರದು. ಹುಡುಕು ತಾಣಗಳೇ, ದಯವಿಟ್ಟು ಬರಬೇಡಿ ಎಂದು ಬರೆದಿಡುವ ಫೈಲು ಕೇವಲ ವಿನಂತಿ, ಬೀಗವಲ್ಲ. ಮನೆಮಂದಿಯ ಫೋಟೊಗಳಿಗೆ ಪಾಸ್‌ವರ್ಡ್ ಇರಲೇಬೇಕು.

ಮೂಲ ಮನೆಯಲ್ಲಿದೆ ಎಂದ ಮಾತ್ರಕ್ಕೆ ಕ್ಷೇಮ ಎಂದೂ ಅಲ್ಲ. ಪೆನ್‌ಡ್ರೈವ್ ಕಳೆಯುತ್ತದೆ, ಹಾರ್ಡ್ ಡಿಸ್ಕ್ ಒಂದು ದಿನ ಕಟಕಟ ಎಂದು ನಿಲ್ಲುತ್ತದೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೊಗ್ರಾಫರ್ ಜನಪ್ರಿಯಗೊಳಿಸಿದ 3-2-1 ಸೂತ್ರ ಈಗ ಬ್ಯಾಂಕಿನ ಕಂಪ್ಯೂಟರ್ ವಿಭಾಗದವರಿಗೂ ಬಾಯಿಪಾಠ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ. ಆ ಮೂರನೆಯ ಪ್ರತಿಗೆ ಗೂಗಲ್ಲೇ ಆಗಬಹುದು, ತಂಗಿಯ ಮನೆಯ ಕಪಾಟೂ ಆಗಬಹುದು. ಗೂಗಲ್‌ನಲ್ಲಿರುವುದನ್ನು ಇಳಿಸಿಕೊಳ್ಳಲು ಟೇಕ್‌ಔಟ್ ಇದೆ. ಆದರೆ ಅಲ್ಲೇ ನೀವು ತಿದ್ದಿದ ದಿನಾಂಕ, ಬರೆದ ವಿವರಣೆಗಳು ಚಿತ್ರದೊಳಗೆ ಬಾರದೆ ಪಕ್ಕದಲ್ಲಿ ಬೇರೆ ಫೈಲುಗಳಾಗಿ ಬರುತ್ತವೆ. ಅವನ್ನು ಕಸವೆಂದು ಡಿಲೀಟ್ ಮಾಡಿದವರು ಹಳೆಯ ಸ್ಕ್ಯಾನ್ ಚಿತ್ರಗಳ ಇಸವಿಯನ್ನೇ ಕಳೆದುಕೊಂಡಾರು.

ವಿವರಣೆಯನ್ನು ಚಿತ್ರದ ಫೈಲಿನೊಳಗೇ ಬರೆಯುವುದು ಇದಕ್ಕೆ ಪರಿಹಾರ. ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ, ಕನ್ನಡದಲ್ಲೇ ಬರೆಯಬಹುದು: ಎಡದಿಂದ ಎರಡನೆಯವರು ಸೋದರತ್ತೆ, ಹಿಂದೆ ನಿಂತವರು ಪಕ್ಕದ ಮನೆಯ ಮೇಷ್ಟ್ರು, ಕಟ್ಟಡ ಈಗಿಲ್ಲ. ಮೂಲ ಫೈಲನ್ನು ಯಾವ ಗ್ಯಾಲರಿಗೆ ಒಯ್ದರೂ ಆ ಸಾಲುಗಳು ಜೊತೆಗೇ ಹೋಗುತ್ತವೆ. ಈ ಕೆಲಸಕ್ಕೆ ಸರ್ವರ್ ಬೇಡ, ಇಂಟರ್‌ನೆಟ್ಟೂ ಬೇಡ. ಹೆಸರು ಹೇಳಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರೆ ಆಯಿತು, ಗ್ಯಾಲರಿಯನ್ನು ಮುಂದಿನ ವರ್ಷ ಕಟ್ಟಿದರೂ ನಡೆಯುತ್ತದೆ.